ಚಿಕ್ಕ ಕೈಯವರಿಗೆ ರೋಡ್ ಬೈಕ್ ಬ್ರೇಕ್ ಮತ್ತು ಶಿಫ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

## ಬ್ರೇಕ್ ಲಿವರ್ ಬೆರಳಿಗೆ ಸರಿಯಾಗಿ ಎಟುಕುತ್ತಿಲ್ಲ. ಓಡಿಸುತ್ತಾ ಅಭ್ಯಾಸ ಆಗುತ್ತದಾ?

ಆಗುವುದಿಲ್ಲ. ಅಂಗಡಿಯಲ್ಲಿ "ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ ಮೇಡಂ" ಅಂತ ಹೇಳಿ ಕಳಿಸುವುದು ಮಾಮೂಲಿ, ನನಗೂ ಹಾಗೇ ಹೇಳಿದ್ದರು. ಸೀಟಿಗೆ ಮೈ ಒಗ್ಗುತ್ತದೆ, ಬಗ್ಗಿ ಕೂರುವುದಕ್ಕೆ ಬೆನ್ನು ಒಗ್ಗುತ್ತದೆ. ಬೆರಳು ಮಾತ್ರ ಉದ್ದ ಆಗುವುದಿಲ್ಲ. ಎಟುಕದ ಬ್ರೇಕ್ ಇಟ್ಟುಕೊಂಡು ಓಡಿಸಿದರೆ ಆಗುವುದು ಒಂದೇ: ಇಳಿಜಾರು ಬಂದಾಗಲೆಲ್ಲ ಭಯ, ಅದಕ್ಕೆ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವುದು, ಕೊನೆಗೆ ಅಂಗೈ, ಮಣಿಕಟ್ಟು ಎರಡೂ ನೋವು. ಆಮೇಲೆ "ನನಗೆ ಇಳಿಯೋಕೆ ಧೈರ್ಯ ಸಾಲಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುವವರನ್ನು ನೋಡಿದ್ದೇನೆ. ಧೈರ್ಯದಲ್ಲಿ ಅವರಿಗೆ ಏನೂ ಕಡಿಮೆ ಇಲ್ಲ, ಲಿವರ್ ದೂರ ಇದೆ ಅಷ್ಟೇ. ಇದು ಸೈಕಲ್ಲಿನ ದೋಷ, ಸರಿ ಮಾಡಬಹುದಾದ ದೋಷ, ಬಹಳ ಸಲ ಕಾಸಿಲ್ಲದೆ ಸರಿಹೋಗುವ ದೋಷ.

## ನನ್ನ ಕೈ ನಿಜಕ್ಕೂ ಚಿಕ್ಕದಾ ಅಥವಾ ಸೈಕಲ್ ಸೆಟ್ಟಿಂಗ್ ಸರಿ ಇಲ್ಲವಾ? ಹೇಗೆ ಗೊತ್ತಾಗುತ್ತದೆ?

ಕೈ ಅಳತೆ ಮಾಡುವುದಕ್ಕಿಂತ ಸೈಕಲ್ ಮೇಲೆ ಕೂತು ನೋಡುವುದೇ ಸರಿಯಾದ ಪರೀಕ್ಷೆ. ಯಾರಾದರೂ ಸೈಕಲ್ ಹಿಡಿದುಕೊಳ್ಳಲಿ, ಅಥವಾ ಗೋಡೆಗೆ ಒರಗಿ ಕೂತುಕೊಳ್ಳಿ. ಹ್ಯಾಂಡಲ್‌ನ ಕೆಳಗಿನ ಬಾಗಿದ ಭಾಗ ಇದೆಯಲ್ಲ, ಡ್ರಾಪ್ಸ್ ಅಂತೀವಿ, ಅಲ್ಲಿ ಕೈ ಇಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಬಾಗಿನ ಒಳಗೆ ಪೂರ್ತಿ ಕೂತಿರಬೇಕು. ಈಗ ಅಂಗೈ ಒಂಚೂರೂ ಕದಲಿಸದೆ ತೋರುಬೆರಳು, ನಡುಬೆರಳು ಎರಡನ್ನೂ ಲಿವರ್ ಮೇಲೆ ಹಾಕಿ. ಬೆರಳ ತುದಿಯ ಮೊದಲ ಗೆಣ್ಣು ಲಿವರ್ ದಾಟಿ ಅದನ್ನು ಕೊಕ್ಕೆ ಹಾಕಿದ ಹಾಗೆ ಹಿಡಿಯುತ್ತದಾ? ಹಿಡಿದರೆ ಸರಿ ಇದೆ. ಬೆರಳ ತುದಿಯ ಮೆತ್ತನೆ ಭಾಗ ಮಾತ್ರ ತಾಗುತ್ತಿದ್ದರೆ ಅಥವಾ ಎಟುಕಿಸಲು ಅಂಗೈಯನ್ನು ಮುಂದಕ್ಕೆ ಜಾರಿಸಬೇಕಾಗಿ ಬಂದರೆ ಲಿವರ್ ದೂರ ಇದೆ ಅಂತಲೇ ಅರ್ಥ.

ಅಂಗೈ ಜಾರಿಸುವುದು ಚಿಕ್ಕ ವಿಷಯ ಅನ್ನಿಸಬಹುದು. ನಂದಿ ಬೆಟ್ಟ ಇಳಿಯುವಾಗ ಒಂದು ಹಳ್ಳ ಬಂತು ಅಂದುಕೊಳ್ಳಿ, ಆ ಕ್ಷಣದಲ್ಲಿ ಹ್ಯಾಂಡಲ್ ಮೇಲಿನ ಹಿಡಿತ ಅರ್ಧ ಬಿಟ್ಟಿರುತ್ತೀರಿ. ಅದಕ್ಕೇ ಈ ಪರೀಕ್ಷೆಯಲ್ಲಿ ರಾಜಿ ಬೇಡ.

ಹುಡ್ ಮೇಲಿಂದಲೂ, ಅಂದರೆ ಲಿವರ್‌ನ ಮೇಲ್ಭಾಗದ ರಬ್ಬರ್ ಹಿಡಿಯ ಮೇಲೆ ಕೈ ಇಟ್ಟುಕೊಂಡೂ ಇದೇ ರೀತಿ ನೋಡಿ. ಅಲ್ಲಿ ಎಟುಕಿ, ಡ್ರಾಪ್ಸ್‌ನಲ್ಲಿ ಎಟುಕದೆ ಇರುವುದೇ ಜಾಸ್ತಿ.

## ನಾನು ಯಾವಾಗಲೂ ಹುಡ್ ಮೇಲಿಂದಲೇ ಬ್ರೇಕ್ ಹಿಡಿಯುತ್ತೇನೆ. ಡ್ರಾಪ್ಸ್ ಯಾಕೆ ಬೇಕು?

ಚಪ್ಪಟೆ ರಸ್ತೆಯಲ್ಲಿ, ಊರೊಳಗೆ, ಹುಡ್ ಸಾಕು. ಘಾಟಿಯಲ್ಲಿ ಸಾಲದು. ಲಿವರ್‌ನ ತಿರುಗು ಬಿಂದು ಮೇಲೆ, ಹುಡ್‌ನ ಹತ್ತಿರ ಇರುತ್ತದೆ. ಹುಡ್ ಮೇಲಿಂದ ಎಳೆದರೆ ಬೆರಳು ಆ ಬಿಂದುವಿನ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಜಾಸ್ತಿ ಶಕ್ತಿ ಹಾಕಬೇಕು. ಡ್ರಾಪ್ಸ್‌ನಿಂದ ಎಳೆದರೆ ಬೆರಳು ಲಿವರ್‌ನ ಕೆಳತುದಿಯ ಕಡೆ ಇರುತ್ತದೆ, ಅದೇ ಶಕ್ತಿಗೆ ಬ್ರೇಕ್ ಎಷ್ಟೋ ಗಟ್ಟಿಯಾಗಿ ಹಿಡಿಯುತ್ತದೆ. ರಿಮ್ ಬ್ರೇಕ್, ಅಂದರೆ ಚಕ್ರದ ಅಂಚಿಗೇ ಪ್ಯಾಡ್ ಒತ್ತುವ ಬ್ರೇಕ್ ಇರುವ ಸೈಕಲ್ಲಿನಲ್ಲಿ ಈ ವ್ಯತ್ಯಾಸ ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಹುಡ್ ಮೇಲಿಂದ ಎರಡು ಬೆರಳ ತುದಿಯಲ್ಲಿ ಬ್ರೇಕ್ ಹಿಡಿದು ಇಳಿದು ನೋಡಿದವರಿಗೆ ಕೈ ಹೇಗೆ ನಡುಗುತ್ತದೆ ಅಂತ ಗೊತ್ತು. ಅದೂ ಮಳೆಗಾಲದಲ್ಲಿ.

ಚಿಕ್ಕ ಕೈಯವರಿಗೆ ಹಿಡಿತದ ಬಲವೂ ಸ್ವಲ್ಪ ಕಡಿಮೆ ಇರುವುದುಂಟು. ಹಾಗಾಗಿ ಡ್ರಾಪ್ಸ್‌ನ ಅನುಕೂಲ ನಿಜವಾಗಿ ಬೇಕಾಗಿರುವುದು ಅವರಿಗೇ. ಅವರಿಗೇ ಅದು ಎಟುಕುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

## ಸರಿ, ಮೊದಲು ಏನು ಮಾಡಲಿ?

ರೀಚ್ ಸ್ಕ್ರೂ ತಿರುಗಿಸಿ. ಲಿವರ್ ಹ್ಯಾಂಡಲ್‌ನಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದನ್ನು ಬದಲಿಸುವ ಒಂದು ಪುಟ್ಟ ಸ್ಕ್ರೂ ಸೈಕಲ್ ಗೇರ್, ಬ್ರೇಕ್ ಮಾಡುವ ಶಿಮಾನೊ, ಸ್ರ್ಯಾಮ್ ಕಂಪನಿಗಳ ಈಗಿನ ಲಿವರ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಇದೆ. ಇದು ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಓಡಿಸುವವರಿದ್ದಾರೆ, ಯಾಕೆಂದರೆ ಅದು ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಹುಡ್‌ನ ರಬ್ಬರ್ ಅಂಚನ್ನು ಮೆಲ್ಲಗೆ ಮಡಚಿದರೆ ಕಾಣುತ್ತದೆ, ಕೆಲವದರಲ್ಲಿ ಲಿವರ್‌ನ ತಲೆಯ ಹತ್ತಿರ, ಇನ್ನು ಕೆಲವದರಲ್ಲಿ ಒಂದು ಚಿಕ್ಕ ಮುಚ್ಚಳ ತೆಗೆಯಬೇಕು. ನಿಮ್ಮ ಲಿವರ್‌ನ ಮಾದರಿ ಸಂಖ್ಯೆ ಅದರ ಮೈಮೇಲೇ ಬರೆದಿರುತ್ತದೆ. ಅದನ್ನು ಹಾಕಿ ಕಂಪನಿಯ ಮ್ಯಾನುಯಲ್ ಹುಡುಕಿದರೆ ಸ್ಕ್ರೂ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎರಡೂ ಚಿತ್ರ ಸಮೇತ ಸಿಗುತ್ತದೆ.

ಸಾಮಾನ್ಯವಾಗಿ ಚಿಕ್ಕ ಅಲೆನ್ ಕೀ ಬೇಕು. ಸ್ಕ್ರೂ ತಲೆ ತೀರಾ ಚಿಕ್ಕದು, ಮನೆಯಲ್ಲಿರುವ ಸವೆದ ಕೀ ಹಾಕಿ ಒತ್ತಿದರೆ ತಲೆ ಹಾಳಾಗುತ್ತದೆ, ಆಮೇಲೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಒಳ್ಳೆಯ ಕೀ ತಗೊಳ್ಳಿ, ಪೂರ್ತಿ ಒಳಗೆ ಕೂರಿಸಿ, ಅರ್ಧರ್ಧ ಸುತ್ತು ತಿರುಗಿಸಿ ನೋಡುತ್ತಾ ಬನ್ನಿ. ಎರಡೂ ಕಡೆ ಒಂದೇ ದೂರ ಬರಲಿ. ಸ್ಕೇಲ್ ಇಟ್ಟು ಲಿವರ್‌ನಿಂದ ಹ್ಯಾಂಡಲ್‌ಗೆ ಅಳೆದರೆ ಆಯಿತು.

ಹಳೆಯ ಕೆಲವು ಶಿಮಾನೊ ಲಿವರ್‌ಗಳಲ್ಲಿ ಸ್ಕ್ರೂ ಬದಲು ಶಿಮ್ ಅಂತ ಒಂದು ಬಿಲ್ಲೆ ಬರುತ್ತಿತ್ತು. ಬ್ರೇಕ್ ಲಿವರ್ ಹಿಡಿದು, ಲಿವರ್ ಮತ್ತು ಹುಡ್ ಸೇರುವ ಸಂದಿಯಲ್ಲಿ ಅದನ್ನು ತೂರಿಸಿದರೆ ಲಿವರ್ ಪೂರ್ತಿ ಹಿಂದಕ್ಕೆ ಹೋಗದೆ ಹತ್ತಿರವೇ ನಿಲ್ಲುತ್ತದೆ. ಆಗ ಹೊಸ ಸೈಕಲ್ಲಿನ ಡಬ್ಬಿಯಲ್ಲಿ ಇದು ಬಂದಿರುತ್ತಿತ್ತು, ಯಾರೂ ಹಾಕಿಕೊಡುತ್ತಿರಲಿಲ್ಲ, ಕೊನೆಗೆ ಕಸದ ಜೊತೆ ಹೋಗುತ್ತಿತ್ತು.

## ರೀಚ್ ಕಡಿಮೆ ಮಾಡಿದೆ, ಈಗ ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ. ಏನಾಯಿತು?

ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯ ವಿಷಯ ಇದೇ.

ಲಿವರ್ ಹ್ಯಾಂಡಲ್‌ಗೆ ಹತ್ತಿರ ಬಂದಾಗ ಅದು ಚಲಿಸಲು ಇರುವ ಜಾಗವೂ ಕಡಿಮೆ ಆಗುತ್ತದೆ. ಮೊದಲು ಬ್ರೇಕ್ ಅರ್ಧ ದಾರಿಯಲ್ಲಿ ಹಿಡಿಯುತ್ತಿದ್ದರೆ ಈಗ ಕೊನೆಯಲ್ಲಿ ಹಿಡಿಯುತ್ತದೆ, ಅಥವಾ ಪೂರ್ತಿ ಹಿಡಿಯುವ ಮೊದಲೇ ಲಿವರ್ ಹ್ಯಾಂಡಲ್‌ಗೆ ತಾಗಿ ನಿಂತುಬಿಡುತ್ತದೆ. ಎಟುಕದ ಬ್ರೇಕ್‌ಗಿಂತ ಇದು ಅಪಾಯ. ಆದ್ದರಿಂದ ರೀಚ್ ಮುಟ್ಟಿದ ತಕ್ಷಣ ಬ್ರೇಕ್ ಕೂಡ ಹೊಂದಿಸಬೇಕು, ಎರಡನ್ನೂ ಒಟ್ಟಿಗೇ ಮಾಡಬೇಕಾದ ಕೆಲಸ.

ಕೇಬಲ್ ಬ್ರೇಕ್ ಆದರೆ ಬ್ಯಾರಲ್ ಅಡ್ಜಸ್ಟರ್, ಅಂದರೆ ಕೇಬಲ್ ಮೇಲಿರುವ ಕೈಯಲ್ಲಿ ತಿರುಗಿಸುವ ತಿರುಪು, ತಿರುಗಿಸಿ ಕೇಬಲ್ ಬಿಗಿ ಮಾಡಿ, ಪ್ಯಾಡ್ ರಿಮ್‌ಗೆ ಇನ್ನಷ್ಟು ಹತ್ತಿರ ಬರಲಿ. ಚಕ್ರ ಅಲುಗಾಡದೆ ನೇರ ತಿರುಗುತ್ತಿದ್ದರೆ ಮಾತ್ರ ಇದು ಸಾಧ್ಯ, ಇಲ್ಲದಿದ್ದರೆ ಪ್ಯಾಡ್ ಉಜ್ಜುತ್ತದೆ. ಮೊದಲು ಚಕ್ರ ಟ್ರೂ ಮಾಡಿಸಿ. ಕೇಬಲ್ ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಹಿಡಿದಿರುವ ಭಾಗವಾದ ಕ್ಯಾಲಿಪರ್‌ನಲ್ಲೇ ಪ್ಯಾಡ್ ಹತ್ತಿರ ತರುವ ತಿರುಪು ಇರುತ್ತದೆ. ಹೈಡ್ರಾಲಿಕ್ ಆದರೆ, ಅಂದರೆ ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಬ್ರೇಕ್ ಆದರೆ, ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಆದರೂ ಲಿವರ್ ಆಳಕ್ಕೆ ಹೋಗುತ್ತಿದ್ದರೆ, ಮೆತ್ತಗೆ ಅನ್ನಿಸುತ್ತಿದ್ದರೆ ಒಳಗೆ ಗಾಳಿ ಸೇರಿದೆ, ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿ ತೆಗೆಸಬೇಕು. ಶಿಮಾನೊದ ಕೆಲವು ಹೈಡ್ರಾಲಿಕ್ ಲಿವರ್‌ಗಳಲ್ಲಿ ಫ್ರೀ ಸ್ಟ್ರೋಕ್ ಅಂತ ಇನ್ನೊಂದು ಸ್ಕ್ರೂ ಇದೆ. ಬ್ರೇಕ್ ಹಿಡಿಯಲು ಶುರುವಾಗುವ ಮುಂಚೆ ಲಿವರ್ ಎಷ್ಟು ಖಾಲಿ ಚಲಿಸಬೇಕು ಅನ್ನುವುದನ್ನು ಅದು ಬದಲಿಸುತ್ತದೆ, ಚಿಕ್ಕ ಕೈಗೆ ಬಹಳ ಉಪಯೋಗ.

ಈಗ ಪರೀಕ್ಷೆ. ನಿಂತಲ್ಲೇ ಡ್ರಾಪ್ಸ್ ಹಿಡಿದು ಎರಡು ಬೆರಳಲ್ಲಿ ನಿಮ್ಮ ಕೈಲಾದಷ್ಟು ಗಟ್ಟಿಯಾಗಿ ಬ್ರೇಕ್ ಎಳೆಯಿರಿ. ಉಳಿದ ಎರಡು ಬೆರಳು, ಉಂಗುರ ಬೆರಳು ಮತ್ತು ಕಿರುಬೆರಳು, ಹ್ಯಾಂಡಲ್ ಸುತ್ತ ಇರುತ್ತವಲ್ಲ, ಲಿವರ್ ಬಂದು ಅವುಗಳ ಗೆಣ್ಣಿಗೆ ಒತ್ತುತ್ತದಾ ನೋಡಿ. ಒತ್ತಿದರೆ ಬ್ರೇಕ್ ಇನ್ನೂ ಬಿಗಿ ಆಗಬೇಕು ಅಥವಾ ರೀಚ್ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಹತ್ತಾರು ಸಲ ನಿಲ್ಲಿಸಿ ನೋಡಿ. ಗೇರ್ ಲಿವರ್ ಒಳಗೆ ಪೂರ್ತಿ ತಳ್ಳಿದಾಗ ಹ್ಯಾಂಡಲ್‌ಗೆ ಸುತ್ತಿದ ಬಾರ್ ಟೇಪ್‌ಗೆ ಬಡಿಯುತ್ತದಾ ಅಂತಲೂ ನೋಡಿ, ರೀಚ್ ತೀರಾ ಕಡಿಮೆ ಮಾಡಿದಾಗ ಹಾಗೆ ಆಗುವುದುಂಟು. ಇಷ್ಟೂ ಆದ ಮೇಲೆಯೇ ಟ್ರಾಫಿಕ್, ಘಾಟಿ.

## ಸ್ಟೆಮ್ ಚಿಕ್ಕದು ಹಾಕಿದರೆ ಸರಿಹೋಗುತ್ತದಾ?

ಇಲ್ಲ. ಸ್ಟೆಮ್ ಅಂದರೆ ಹ್ಯಾಂಡಲ್ಲನ್ನು ಸೈಕಲ್ಲಿಗೆ ಸೇರಿಸುವ ಮುಂಚಾಚಿದ ತುಂಡು. ಅದು ಚಿಕ್ಕದಾದರೆ ಹ್ಯಾಂಡಲ್ ನಿಮ್ಮ ಮೈಗೆ ಹತ್ತಿರ ಬರುತ್ತದೆ, ಲಿವರ್ ಹ್ಯಾಂಡಲ್‌ಗೆ ಹತ್ತಿರ ಬರುವುದಿಲ್ಲ. ಭುಜ, ಕುತ್ತಿಗೆ ನೋವಿದ್ದರೆ ಅದಕ್ಕೆ ಬೇರೆ ಲೆಕ್ಕ.

## ಲಿವರ್ ಹ್ಯಾಂಡಲ್ ಮೇಲೆ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯವಾ?

ತುಂಬಾ. ಲಿವರ್‌ಗಳನ್ನು ಹ್ಯಾಂಡಲ್‌ನ ಬಾಗಿನಲ್ಲಿ ಮೇಲೆ ಏರಿಸಿ ಕಟ್ಟಿದರೆ ಹುಡ್ ಮೇಲೆ ಕೂರುವುದು ಆರಾಮ, ಆದರೆ ಲಿವರ್‌ನ ತುದಿ ಡ್ರಾಪ್ಸ್‌ನಿಂದ ದೂರ ಹೋಗುತ್ತದೆ. ಒಂಚೂರು ಕೆಳಗೆ ಇಳಿಸಿದರೆ ಡ್ರಾಪ್ಸ್‌ನಿಂದ ಎಟುಕುತ್ತದೆ, ಹುಡ್ ಕೆಳಮುಖ ಆಗುತ್ತದೆ, ಮೈಭಾರ ಅಂಗೈ ಮೇಲೆ ಬೀಳುತ್ತದೆ. ಎರಡರ ನಡುವೆ ಒಂದು ಜಾಗ ಹುಡುಕಬೇಕು. ಅಂಗಡಿಯಿಂದ ಬರುವ ಬಹಳಷ್ಟು ಸೈಕಲ್‌ಗಳಲ್ಲಿ ಇದನ್ನು ಕಣ್ಣಂದಾಜಿನಲ್ಲಿ ಕಟ್ಟಿರುತ್ತಾರೆ, ಎಡ ಬಲ ಒಂದೇ ಎತ್ತರದಲ್ಲಿ ಇಲ್ಲದೆ ಇರುವುದೂ ಉಂಟು.

ಬದಲಿಸಲು ಹುಡ್‌ನ ರಬ್ಬರ್ ಸರಿಸಿ ಹೊರಬದಿಯಲ್ಲಿರುವ ಬೋಲ್ಟ್ ಸಡಿಲಿಸಬೇಕು. ಶಿಮಾನೊದಲ್ಲಿ 5 ಮಿ.ಮೀ. ಅಲೆನ್ ಕೀ, ಮತ್ತೆ ಬಿಗಿಮಾಡುವಾಗ 6ರಿಂದ 8 ನ್ಯೂಟನ್ ಮೀಟರ್. ಕಾರ್ಬನ್ ಹ್ಯಾಂಡಲ್ ಆದರೆ ಹ್ಯಾಂಡಲ್ ಕಂಪನಿ ಹೇಳಿದ ಮಿತಿ ಮೀರಬೇಡಿ, ಬಿಗಿ ಎಷ್ಟು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಲೂ ಬೇಡಿ. ಸಾಮಾನ್ಯವಾಗಿ ಬಾರ್ ಟೇಪ್ ಬಿಚ್ಚಿ ಮತ್ತೆ ಸುತ್ತಬೇಕಾಗುತ್ತದೆ, ಹಾಗಾಗಿ ಹೇಗೂ ಟೇಪ್ ಬದಲಿಸುವ ಸಮಯದಲ್ಲೇ ಈ ಕೆಲಸ ಇಟ್ಟುಕೊಳ್ಳಿ. ಟೇಪ್ ಸುತ್ತುವ ಮುಂಚೆ ಒಂದೆರಡು ದಿನ ಬರೀ ಹ್ಯಾಂಡಲ್‌ನಲ್ಲೇ ಮನೆ ಹತ್ತಿರ ಓಡಿಸಿ ನೋಡಿದರೆ ಇನ್ನೂ ಒಳ್ಳೆಯದು, ಆದರೆ ಹ್ಯಾಂಡಲ್ ತುದಿಯ ಮುಚ್ಚಳ ಹಾಕಿಕೊಂಡೇ ಓಡಿಸಿ.

## ಹ್ಯಾಂಡಲ್ ಬದಲಿಸಬೇಕಾ?

ರೀಚ್ ಸ್ಕ್ರೂ, ಲಿವರ್ ಜಾಗ ಎರಡೂ ಆದ ಮೇಲೂ ಸಾಲದಿದ್ದರೆ ಮುಂದಿನ ಹೆಜ್ಜೆ ಇದೇ. ಹೊಸ ಶಿಫ್ಟರ್‌ಗಿಂತ, ಅಂದರೆ ಗೇರ್ ಬದಲಿಸುವ ಲಿವರ್‌ಗಿಂತ ಬಹಳ ಅಗ್ಗ, ಫಲ ಮಾತ್ರ ದೊಡ್ಡದು.

ನೋಡಬೇಕಾದ್ದು ಹ್ಯಾಂಡಲ್‌ನ ಆಕಾರ. ಹಳೆಯ ಕಾಲದ ಹ್ಯಾಂಡಲ್‌ಗಳಲ್ಲಿ ಡ್ರಾಪ್, ಅಂದರೆ ಮೇಲಿಂದ ಕೆಳಗಿನ ಆಳ, 140 ಮಿ.ಮೀ. ಮೇಲೆ ಇರುತ್ತಿತ್ತು. ಕಾಂಪ್ಯಾಕ್ಟ್ ಅಂತ ಕರೆಯುವ ಈಗಿನವುಗಳಲ್ಲಿ ಅದು 120ರಿಂದ 130, ಮುಂದಕ್ಕೆ ಚಾಚುವ ಉದ್ದ 70ರಿಂದ 80 ಮಿ.ಮೀ. ಚಿಕ್ಕ ಕೈಯವರು 70ರ ಹತ್ತಿರದ್ದನ್ನೇ ಹುಡುಕಿ. ಬಾಗು ಹೇಗಿದೆ ಅನ್ನುವುದು ಇನ್ನೂ ಮುಖ್ಯ. ಕೆಲವು ಹ್ಯಾಂಡಲ್‌ಗಳಲ್ಲಿ ಬಾಗಿನ ನಡುವೆ ಒಂದು ನೇರ ತುಂಡು ಇರುತ್ತದೆ, ಅಂಗೈಗೆ ಆರಾಮ ಅಂತ ಮಾಡಿದ್ದು. ಅಲ್ಲಿ ಕೈ ಇಟ್ಟರೆ ಲಿವರ್ ಇನ್ನೂ ದೂರ. ಒಂದೇ ಸಮನೆ ಬಾಗಿ ಬರುವ ಹ್ಯಾಂಡಲ್‌ನಲ್ಲಿ ಕೈ ಲಿವರ್‌ಗೆ ತಾನಾಗಿ ಹತ್ತಿರ ಬಂದು ಕೂರುತ್ತದೆ.

ಅಗಲದ ಬಗ್ಗೆಯೂ ಹೇಳಿಬಿಡುತ್ತೇನೆ. ಕೈ ಚಿಕ್ಕದಿರುವವರಲ್ಲಿ ಬಹಳ ಜನರಿಗೆ ಭುಜವೂ ಕಿರಿದು, ಅವರ ಸೈಕಲ್ಲಿನಲ್ಲಿ ಮಾತ್ರ 42 ಸೆಂ.ಮೀ. ಹ್ಯಾಂಡಲ್ ಕೂತಿರುತ್ತದೆ. 36, 38 ಸೆಂ.ಮೀ. ಹ್ಯಾಂಡಲ್‌ಗಳು ಇವೆ, ಅಂಗಡಿಯ ಕಪಾಟಿನಲ್ಲಿ ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2026ರಿಂದ ರಸ್ತೆ ರೇಸ್‌ಗಳಲ್ಲಿ ಹ್ಯಾಂಡಲ್‌ನ ಹೊರಗಿನ ಅಗಲ ಕನಿಷ್ಠ 400 ಮಿ.ಮೀ. ಇರಬೇಕು ಅಂತ ನಿಯಮ ಮಾಡಿದೆ, ಸಣ್ಣ ಮೈಕಟ್ಟಿನ ಸವಾರರು, ಅದರಲ್ಲೂ ಮಹಿಳೆಯರು, ಅದಕ್ಕೆ ಬಲವಾಗಿ ಆಕ್ಷೇಪಿಸಿದರು. ಅವರ ಆಕ್ಷೇಪ ನ್ಯಾಯವಾದದ್ದೇ. ನೀವು ಯುಸಿಐ ರೇಸ್ ಓಡುವವರಲ್ಲದಿದ್ದರೆ ಆ ನಿಯಮ ನಿಮಗೆ ಲಾಗೂ ಆಗುವುದಿಲ್ಲ, ಭುಜಕ್ಕೆ ಸರಿಹೊಂದುವುದನ್ನು ಹಾಕಿಕೊಳ್ಳಿ.

## ದಪ್ಪ ಬಾರ್ ಟೇಪ್, ಜೆಲ್ ಗ್ಲವ್ಸ್ ಹಾಕಿದರೆ ಕೈಗೆ ಆರಾಮ ಅಲ್ವಾ?

ಅಂಗೈಗೆ ಆರಾಮ, ಬೆರಳಿಗೆ ಅಲ್ಲ. ಟೇಪ್ ದಪ್ಪ ಆದಷ್ಟೂ ಹಿಡಿಯ ಸುತ್ತಳತೆ ಹೆಚ್ಚುತ್ತದೆ, ಬೆರಳಿನ ಉದ್ದ ಅದನ್ನು ಸುತ್ತುವುದರಲ್ಲೇ ಖರ್ಚಾಗುತ್ತದೆ. ಎರಡು ಮಿ.ಮೀ. ಆಸುಪಾಸಿನ ತೆಳು ಟೇಪ್ ಹಾಕಿ ನೋಡಿ, ಲಿವರ್ ಹತ್ತಿರ ಬಂದ ಹಾಗೆ ಅನ್ನಿಸುತ್ತದೆ. ರಸ್ತೆಯ ಅದುರು ತಡೆಯಲು ಟೇಪ್‌ಗಿಂತ ಟೈರ್ ಒಳ್ಳೆಯ ಉಪಾಯ. ಫ್ರೇಮ್‌ನಲ್ಲಿ ಜಾಗ ಇದ್ದರೆ 28 ಅಥವಾ 32 ಮಿ.ಮೀ. ಅಗಲದ ಟೈರ್ ಹಾಕಿ, ಗಾಳಿ ಒಂಚೂರು ಕಡಿಮೆ ಇಟ್ಟುಕೊಳ್ಳಿ.

## ಶಿಮಾನೊ, ಸ್ರ್ಯಾಮ್, ಕ್ಯಾಂಪಾಗ್ನೋಲೊ: ಚಿಕ್ಕ ಕೈಗೆ ಯಾವುದು?

ಮೊದಲೆಲ್ಲ ಗೇರ್ ಲಿವರ್ ಫ್ರೇಮ್‌ನ ಕೆಳಕೊಳವೆಯ ಮೇಲೆ ಇರುತ್ತಿತ್ತು, ಹ್ಯಾಂಡಲ್ ಮೇಲೆ ಬರೀ ಬ್ರೇಕ್. 1990ರಲ್ಲಿ ಶಿಮಾನೊ ಎಸ್‌ಟಿಐ ತಂದು ಎರಡನ್ನೂ ಒಂದೇ ಲಿವರ್‌ಗೆ ಸೇರಿಸಿತು, ಎರಡು ವರ್ಷದಲ್ಲಿ ಕ್ಯಾಂಪಾಗ್ನೋಲೊ ತನ್ನ ಎರ್ಗೋಪವರ್ ತಂದಿತು. ಅನುಕೂಲ ಆಯಿತು ನಿಜ, ಆದರೆ ಗೇರ್‌ನ ಯಂತ್ರ ಪೂರ್ತಿ ಹುಡ್ ಒಳಗೆ ಬಂದು ಕೂತು ಹಿಡಿ ದಪ್ಪ ಆಯಿತು. ಮುಂದೆ ಹೈಡ್ರಾಲಿಕ್ ಬಂದಾಗ ಎಣ್ಣೆಯ ಸಿಲಿಂಡರ್ ಕೂಡ ಅಲ್ಲಿಗೇ ಬಂತು, ಇನ್ನೂ ದಪ್ಪ. ಇದನ್ನು ನೆನಪಿಟ್ಟುಕೊಂಡರೆ ಯಾವ ಲಿವರ್ ಯಾಕೆ ಹಾಗಿದೆ ಅಂತ ಅರ್ಥ ಆಗುತ್ತದೆ.

ಶಿಮಾನೊದ ಕೇಬಲ್ ಶಿಫ್ಟರ್‌ನಲ್ಲಿ ಬ್ರೇಕ್ ಲಿವರನ್ನೇ ಒಳಗೆ ತಳ್ಳಿ ಗೇರ್ ಹಾಕಬೇಕು. ಬೆರಳು ದೂರ ಹೋಗಬೇಕು, ಅದರಲ್ಲೂ ಎಡಗೈಯಲ್ಲಿ ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕುವಾಗ ಇಡೀ ಮಣಿಕಟ್ಟು ತಿರುಗಿಸಬೇಕಾಗುತ್ತದೆ. ಸ್ರ್ಯಾಮ್‌ನ ಡಬಲ್‌ಟ್ಯಾಪ್‌ನಲ್ಲಿ ಬ್ರೇಕ್ ಲಿವರ್ ಪಕ್ಕಕ್ಕೆ ಅಲುಗುವುದಿಲ್ಲ, ಹಿಂದೆ ಇರುವ ಒಂದು ಪುಟ್ಟ ಪ್ಯಾಡಲ್ ಮಾತ್ರ. ಸಣ್ಣದಾಗಿ ತಳ್ಳಿದರೆ ಒಂದು ಕಡೆ, ಉದ್ದಕ್ಕೆ ತಳ್ಳಿದರೆ ಇನ್ನೊಂದು ಕಡೆ. ಆ ಪ್ಯಾಡಲನ್ನು ಬೆರಳಲ್ಲಿ ಹ್ಯಾಂಡಲ್ ಕಡೆ ಎಳೆದು ಹಿಡಿದುಕೊಂಡೂ ಗೇರ್ ಹಾಕಬಹುದು, ಮತ್ತು ಹಲವು ಮಾದರಿಗಳಲ್ಲಿ ಬ್ರೇಕಿನ ರೀಚ್ ಬೇರೆ, ಪ್ಯಾಡಲ್‌ನ ರೀಚ್ ಬೇರೆ ಹೊಂದಿಸಬಹುದು. ಕೇಬಲ್ ಗೇರ್‌ಗಳಲ್ಲಿ ಚಿಕ್ಕ ಕೈಗೆ ಇದು ನನ್ನ ಮಟ್ಟಿಗೆ ಹೆಚ್ಚು ಹೊಂದುವ ವಿನ್ಯಾಸ. ಕ್ಯಾಂಪಾಗ್ನೋಲೊದಲ್ಲಿ ಹುಡ್‌ನ ಒಳಬದಿಗೆ ಹೆಬ್ಬೆರಳಿನ ಗುಂಡಿ ಇರುತ್ತದೆ, ಹುಡ್ ಮೇಲಿಂದ ಸುಲಭ, ಡ್ರಾಪ್ಸ್‌ನಿಂದ ಚಿಕ್ಕ ಹೆಬ್ಬೆರಳಿಗೆ ಕಷ್ಟ.

ಶಿಮಾನೊ ಚಿಕ್ಕ ಕೈಯವರಿಗೆಂದೇ ಮಾಡಿದ ಲಿವರ್‌ಗಳೂ ಇವೆ, ಇದು ಬಹಳ ಜನರಿಗೆ ಗೊತ್ತಿಲ್ಲ. 105 ಸರಣಿಯ ಎಸ್‌ಟಿ-ಆರ್7025 ಮತ್ತು ಟಿಯಾಗ್ರಾದ ಎಸ್‌ಟಿ-4725. ಎರಡೂ ಹೈಡ್ರಾಲಿಕ್ ಡಿಸ್ಕ್ ಬ್ರೇಕ್‌ಗೆ. ಲಿವರ್ ಮೊದಲೇ ಹ್ಯಾಂಡಲ್‌ಗೆ ಹತ್ತಿರ ಇರುವ ಹಾಗೆ ಮಾಡಿರುತ್ತಾರೆ. ನಿಮ್ಮ ಸೈಕಲ್ಲಿನಲ್ಲಿ ಮಾಮೂಲಿ ಆರ್7020 ಅಥವಾ 4720 ಇದ್ದರೆ ಉಳಿದ ಭಾಗಗಳನ್ನು ಬದಲಿಸದೆ ಲಿವರ್ ಮಾತ್ರ ಬದಲಿಸಬಹುದು, ಆಮೇಲೆ ಬ್ರೇಕ್ ಬ್ಲೀಡ್ ಮಾಡಿಸಬೇಕು.

## ಎಲೆಕ್ಟ್ರಾನಿಕ್ ಗೇರ್‌ಗೆ ಅಷ್ಟು ದುಡ್ಡು ಸುರಿಯುವುದು ಸರಿಯಾ?

ಚಿಕ್ಕ ಕೈಯವರಿಗೆ ಇದು ಬರೀ ಷೋಕಿ ಅಲ್ಲ. ಕೇಬಲ್ ಎಳೆಯುವ ಯಂತ್ರ ಹುಡ್ ಒಳಗೆ ಇಲ್ಲದ್ದರಿಂದ ಹಿಡಿ ತೆಳ್ಳಗೆ ಮಾಡಬಹುದು, ಗೇರ್ ಹಾಕಲು ಗುಂಡಿ ಒತ್ತಿದರೆ ಸಾಕು. ಶಿಮಾನೊದ ಎಲೆಕ್ಟ್ರಾನಿಕ್ ಗೇರ್ ಡಿಐ2ನಲ್ಲಿ ಯಾವ ಗುಂಡಿ ಏನು ಮಾಡಬೇಕು ಅನ್ನುವುದನ್ನು ಆ್ಯಪ್‌ನಲ್ಲಿ ಬದಲಿಸಿಕೊಳ್ಳಬಹುದು. ಸ್ರ್ಯಾಮ್‌ನಲ್ಲಿ ಬಲಗೈ ಗುಂಡಿ ಒಂದು ಕಡೆ, ಎಡಗೈ ಗುಂಡಿ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಒತ್ತಿದರೆ ಮುಂದಿನ ಗೇರ್ ಬದಲಾಗುತ್ತದೆ. 2021ರಲ್ಲಿ ಬಂದ ಸ್ರ್ಯಾಮ್‌ನ ಎಲೆಕ್ಟ್ರಾನಿಕ್ ಮಾದರಿ ರೈವಲ್ ಆ್ಯಕ್ಸಸ್‌ನ ಹುಡ್ ಅದಕ್ಕಿಂತ ದುಬಾರಿಯಾದ ಆಗಿನ ಮಾದರಿಗಳಿಗಿಂತ ತೆಳ್ಳಗಿತ್ತು. ಇಲ್ಲಿ ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಆರಾಮ ಅನ್ನುವ ಲೆಕ್ಕ ನಡೆಯುವುದಿಲ್ಲ, ಕೈಯಲ್ಲಿ ಹಿಡಿದೇ ನೋಡಬೇಕು.

ಶಿಮಾನೊದ ಗ್ರ್ಯಾವಲ್, ಅಂದರೆ ಕಚ್ಚಾ ರಸ್ತೆಯ ಸೈಕಲ್‌ಗಳ ಸರಣಿ ಜಿಆರ್‌ಎಕ್ಸ್‌ನ ಡಿಐ2 ಲಿವರ್ ಆರ್‌ಎಕ್ಸ್815ನಲ್ಲಿ ತಿರುಗು ಬಿಂದುವನ್ನು 18 ಮಿ.ಮೀ. ಮೇಲೆ ಇಟ್ಟಿದ್ದಾರೆ. ಮೇಲೆ ಡ್ರಾಪ್ಸ್ ಬಗ್ಗೆ ಹೇಳಿದ ಅದೇ ಕಾರಣಕ್ಕೆ, ಹುಡ್ ಮೇಲಿಂದಲೂ ಕಡಿಮೆ ಶಕ್ತಿಗೆ ಬ್ರೇಕ್ ಗಟ್ಟಿ ಹಿಡಿಯುತ್ತದೆ. ಕೈಬಲ ಕಡಿಮೆ ಇರುವವರು ರೋಡ್ ಲಿವರ್ ಬದಲು ಇದನ್ನೂ ಪರಿಗಣಿಸಬಹುದು.

ದುಡ್ಡು ಅಷ್ಟಿಲ್ಲ, ಎಡಗೈ ಗೇರ್ ಮಾತ್ರ ತೊಂದರೆ ಅನ್ನುವವರಿಗೆ ಇನ್ನೊಂದು ದಾರಿ, ಮುಂದೆ ಒಂದೇ ಹಲ್ಲುಚಕ್ರ ಇಟ್ಟುಕೊಳ್ಳುವುದು. ಎಡಗೈಗೆ ಬ್ರೇಕ್ ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ.

## ಬಜೆಟ್ ಸೈಕಲ್. ಲಿವರ್ ಬದಲಿಸದೆ ಬ್ರೇಕ್ ಹಗುರ ಮಾಡಬಹುದಾ?

ಖಂಡಿತ, ಮತ್ತು ಇದನ್ನು ಎಲ್ಲರೂ ಮಾಡಬೇಕು. ನಮ್ಮ ಮಳೆಗೆ, ಧೂಳಿಗೆ ಕೇಬಲ್ ಒಳಗೆ ತುಕ್ಕು, ಮಣ್ಣು ಸೇರಿಕೊಂಡು ಲಿವರ್ ಗಡುಸಾಗುತ್ತದೆ. ಅದು ನಿಧಾನಕ್ಕೆ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ, ಕೈಗೇ ಬಲ ಸಾಲದು ಅಂದುಕೊಳ್ಳುತ್ತೇವೆ. ಕೇಬಲ್ ಮತ್ತು ಅದರ ಹೊರಕವಚ ಎರಡನ್ನೂ ಬದಲಿಸಿ. ಒಳಗಿನ ತಂತಿ ಮಾತ್ರ ಬದಲಿಸಿ ಹಳೇ ಕವಚ ಉಳಿಸಿದರೆ ಅರ್ಧ ಲಾಭವೂ ಇಲ್ಲ. ಕವಚ ಕತ್ತರಿಸುವಾಗ ತುದಿ ಚಪ್ಪಟೆಯಾಗಿ, ನುಣುಪಾಗಿ ಇರಬೇಕು, ಒಳಗಿನ ಪ್ಲಾಸ್ಟಿಕ್ ತೂತು ಮುಚ್ಚಿಕೊಂಡಿದ್ದರೆ ಮೊಳೆಯಿಂದ ಬಿಡಿಸಬೇಕು. ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ಇದನ್ನು ನೋಡಿ. ಕೇಬಲ್ ಡಿಸ್ಕ್ ಬ್ರೇಕ್ ಇದ್ದರೆ ಕುಗ್ಗದ ಕವಚ ಅಂತ ಸಿಗುತ್ತದೆ, ಅದನ್ನು ಹಾಕಿಸಿದರೆ ಬ್ರೇಕ್ ಮೆತ್ತಗಿರುವುದು ನಿಲ್ಲುತ್ತದೆ.

ರಿಮ್ ಬ್ರೇಕ್ ಆದರೆ ಪ್ಯಾಡ್ ಬದಲಿಸಿ. ಸೈಕಲ್ ಜೊತೆ ಬಂದ ಗಟ್ಟಿ ಪ್ಯಾಡ್ ತೆಗೆದು ಕೂಲ್‌ಸ್ಟಾಪ್ ಅಥವಾ ಸ್ವಿಸ್‌ಸ್ಟಾಪ್‌ನಂಥ ಒಳ್ಳೆಯ ಪ್ಯಾಡ್ ಹಾಕಿದರೆ ಅದೇ ಲಿವರ್, ಅದೇ ಕೈ, ಸೈಕಲ್ ಬೇಗ ನಿಲ್ಲುತ್ತದೆ.

ಬೆಂಗಳೂರಿನಂಥ ಟ್ರಾಫಿಕ್‌ನಲ್ಲೇ ಹೆಚ್ಚು ಓಡಿಸುವವರು ಹ್ಯಾಂಡಲ್‌ನ ಮೇಲಿನ ಚಪ್ಪಟೆ ಭಾಗಕ್ಕೆ ಎರಡನೇ ಜೋಡಿ ಬ್ರೇಕ್ ಲಿವರ್ ಹಾಕಿಸಿಕೊಳ್ಳಬಹುದು. ಅದೇ ಕೇಬಲ್‌ನ ಮಧ್ಯೆ ಕೂರುತ್ತದೆ. ಚಿಕ್ಕದು, ಹತ್ತಿರ, ನೆಟ್ಟಗೆ ಕೂತು ಹಿಡಿಯಬಹುದು. ಘಾಟಿಗೆ ಇದನ್ನೇ ನೆಚ್ಚಿಕೊಳ್ಳಬೇಡಿ, ಅಲ್ಲಿಂದ ಬ್ರೇಕ್ ಹಿಡಿಯುವಾಗ ಕೈಗಳು ಹತ್ತಿರ ಇರುವುದರಿಂದ ಹ್ಯಾಂಡಲ್ ಹಿಡಿತ ಕಡಿಮೆ.

## ಗೇರ್ ಬೇರೆ, ಬ್ರೇಕ್ ಬೇರೆ ಇಡಬಹುದಾ?

ಇಡಬಹುದು, ತುಂಬಾ ಒಳ್ಳೆಯ ದಾರಿ, ಯಾರೂ ಹೇಳುವುದಿಲ್ಲ ಅಷ್ಟೇ. ಟೆಕ್ಟ್ರೋ ಕಂಪನಿಯ ಆರ್‌ಎಲ್340 ಅಂತ ಬರೀ ಬ್ರೇಕಿನ ಲಿವರ್ ಇದೆ, ಅದರದೇ ಚಿಕ್ಕ ಕೈ ಮಾದರಿ ಆರ್‌ಎಲ್341. ಒಳಗೆ ಗೇರ್ ಯಂತ್ರ ಇಲ್ಲದ್ದರಿಂದ ಹುಡ್ ತೆಳ್ಳಗೆ, ಲಿವರ್ ಹತ್ತಿರ. ಗೇರ್‌ಗೆ ಹ್ಯಾಂಡಲ್‌ನ ತುದಿಯಲ್ಲಿ ಕೂರುವ ಬಾರ್ ಎಂಡ್ ಶಿಫ್ಟರ್. ಗೇರ್ ಹಾಕಲು ಕೈ ಕೆಳಗೆ ಹೋಗಬೇಕು, ರೇಸ್‌ಗೆ ಆಗಿಬರುವುದಿಲ್ಲ. ಆದರೆ ದೂರ ಪ್ರಯಾಣಕ್ಕೆ, ಟೂರಿಂಗ್‌ಗೆ, ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದ 200 ಕಿ.ಮೀ. ದೂರದ ಸವಾರಿ, ಬ್ರೆವೆಗೆ ಏನೂ ತೊಂದರೆ ಇಲ್ಲ. ಅದಕ್ಕಿರುವ ಹದಿಮೂರೂವರೆ ಗಂಟೆಯ ಅವಧಿಯಲ್ಲಿ ಗೇರ್ ಹಾಕಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿದರೆ ಹಿಡಿಯಲಿ, ಕೈ ಆರಾಮಾಗಿರುವುದು ಮುಖ್ಯ.

## ಯಾವ ಲಿವರ್ ಬೇಕಾದರೂ ನನ್ನ ಸೈಕಲ್ಲಿಗೆ ಹಾಕಬಹುದಾ?

ಇಲ್ಲ. ಕೊಳ್ಳುವ ಮುಂಚೆ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಹಿಂದಿನ ಗೇರ್ ಎಷ್ಟು ಸ್ಪೀಡು, ಅಂದರೆ ಎಷ್ಟು ಹಲ್ಲುಚಕ್ರ, ಮತ್ತು ಯಾವ ತಲೆಮಾರಿನದು. ಬರೀ ಸ್ಪೀಡು ಒಂದೇ ಆದರೆ ಸಾಲದು: ಟಿಯಾಗ್ರಾ 4700 ಹತ್ತು ಸ್ಪೀಡಿನದೇ ಆದರೂ ಹಳೆಯ ಹತ್ತು ಸ್ಪೀಡ್ ಡಿರೇಲರ್‌ಗಳ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಜೊತೆ ಹೊಂದುವುದಿಲ್ಲ, ಅದು ಕೇಬಲ್ ಎಳೆಯುವ ಅಳತೆ 11 ಸ್ಪೀಡಿನವುಗಳದ್ದು. ಎರಡನೆಯದು ಬ್ರೇಕ್, ಕೇಬಲ್‌ನದಾ ಹೈಡ್ರಾಲಿಕ್‌ನದಾ. ಹೈಡ್ರಾಲಿಕ್ ಆದರೆ ಎಣ್ಣೆ ಕೂಡ ನೋಡಬೇಕು, ಶಿಮಾನೊದಲ್ಲಿ ಮಿನರಲ್ ಆಯಿಲ್, ಸ್ರ್ಯಾಮ್‌ನ ರೋಡ್ ಬ್ರೇಕ್‌ಗಳಲ್ಲಿ ಡಾಟ್ 5.1. ಒಂದರ ಎಣ್ಣೆ ಇನ್ನೊಂದಕ್ಕೆ ಹಾಕಿದರೆ ಒಳಗಿನ ಸೀಲ್ ಹಾಳಾಗಿ ಬ್ರೇಕೇ ಕೈಕೊಡುತ್ತದೆ. ಮೂರನೆಯದು, ವಿ ಬ್ರೇಕ್ (ಉದ್ದನೆಯ ಎರಡು ತೋಳು ರಿಮ್‌ನ ಎರಡೂ ಕಡೆಯಿಂದ ಒತ್ತುವ ಬ್ರೇಕ್) ಇರುವ ಸೈಕಲ್ಲಿಗೆ ಮಾಮೂಲಿ ರೋಡ್ ಲಿವರ್ ಹಾಕಬೇಡಿ. ಅದು ಎಳೆಯುವ ಕೇಬಲ್ ಸಾಲುವುದಿಲ್ಲ.

## ಮಹಿಳೆಯರ ಮಾದರಿ ಸೈಕಲ್ ತಗೊಂಡರೆ ಈ ತಲೆನೋವೆಲ್ಲ ಇರಲ್ಲ ಅಲ್ವಾ?

ಹೇಳಲಾಗದು. ಅಂಥ ಸೈಕಲ್‌ಗಳಲ್ಲಿ ಹ್ಯಾಂಡಲ್ ಕಿರಿದು, ಸೀಟು ಬೇರೆ ಇರಬಹುದು, ಲಿವರ್ ಮಾತ್ರ ಎಲ್ಲದರಲ್ಲೂ ಇರುವ ಅದೇ ಲಿವರ್ ಆಗಿರುವುದು ಸಾಮಾನ್ಯ. ಚಿಕ್ಕ ಕೈ ಅನ್ನುವುದು ಹೆಂಗಸರ ವಿಷಯ ಮಾತ್ರವೂ ಅಲ್ಲ, ಎಷ್ಟೋ ಗಂಡಸರಿಗೆ, ಹದಿಹರೆಯದ ಮಕ್ಕಳಿಗೆ ಇದೇ ತೊಂದರೆ ಇದೆ. ಹೆಸರು, ಬಣ್ಣ ಬಿಟ್ಟು ಮೇಲೆ ಹೇಳಿದ ಬೆರಳಿನ ಪರೀಕ್ಷೆಯನ್ನೇ ಅಂಗಡಿಯಲ್ಲಿ ಮಾಡಿ.

## ಓಡಿಸಿದ ಮೇಲೆ ಬೆರಳು ಜೋಮು ಹಿಡಿಯುತ್ತದೆ. ಇದೂ ಅದರಿಂದಲೇನಾ?

ಇರಬಹುದು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈನ ಹೊರಬದಿಯಲ್ಲಿ ಹಾದುಹೋಗುವ ಅಲ್ನರ್ ನರದ ಮೇಲೆ ಒತ್ತಡ ಬೀಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಕಡೆ ಆದರೆ ಮಣಿಕಟ್ಟಿನ ಮಧ್ಯದ ಮೀಡಿಯನ್ ನರ. ಎಟುಕದ ಲಿವರ್‌ಗೆ ಬೆರಳು ಚಾಚಿಕೊಂಡೇ ಇರುವಾಗ ಮಣಿಕಟ್ಟು ಬಾಗಿ, ಭಾರವೆಲ್ಲ ಅಂಗೈನ ಒಂದೇ ಜಾಗದಲ್ಲಿ ಬೀಳುತ್ತದೆ. ಲಿವರ್ ಹತ್ತಿರ ತನ್ನಿ, ಹುಡ್‌ನ ಕೋನ ಸರಿ ಮಾಡಿ, ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ, ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಕೈ ಮೇಲೆ ಬೀಳುತ್ತದೆ. ಓಡಿಸುವಾಗ ಕೈ ಜಾಗ ಬದಲಿಸುತ್ತಿರಿ. ಸೈಕಲ್ ಬಿಟ್ಟು ಒಂದೆರಡು ದಿನ ಆದರೂ ಜೋಮು ಹೋಗದಿದ್ದರೆ, ಅಂಗಿ ಗುಂಡಿ ಹಾಕುವುದು, ಬೀಗ ತಿರುಗಿಸುವುದು ಕಷ್ಟ ಆಗುತ್ತಿದ್ದರೆ ಸೈಕಲ್ ಅಂಗಡಿ ಬಿಟ್ಟು ವೈದ್ಯರ ಹತ್ತಿರ ಹೋಗಿ.

## ಅಂಗಡಿಯಲ್ಲಿ ಏನು ಕೇಳಬೇಕು?

ಕೊಳ್ಳುವ ಮುಂಚೆಯೇ ಕೇಳಿ, ದುಡ್ಡು ಕೊಟ್ಟ ಮೇಲೆ ಕೇಳಿದರೆ ಉತ್ಸಾಹ ಇರುವುದಿಲ್ಲ. "ಈ ಲಿವರ್‌ಗೆ ರೀಚ್ ಅಡ್ಜಸ್ಟ್ ಇದೆಯಾ? ನನ್ನ ಕೈಗೆ ಈಗಲೇ ಹೊಂದಿಸಿ, ಬ್ರೇಕನ್ನೂ ಸರಿ ಮಾಡಿ, ಆಮೇಲೆ ಓಡಿಸಿ ನೋಡ್ತೀನಿ." ಇಷ್ಟೇ ಹೇಳಿದರೆ ಸಾಕು. ಕೆಲಸ ಗೊತ್ತಿರುವ ಮೆಕ್ಯಾನಿಕ್ ನಿಂತಲ್ಲೇ ಮಾಡಿಕೊಡುತ್ತಾರೆ. "ಅದೆಲ್ಲ ಫ್ಯಾಕ್ಟರಿ ಸೆಟ್ಟಿಂಗ್, ಮುಟ್ಟಬಾರದು" ಅಂತ ಹೇಳಿದರೆ ಬೇರೆ ಅಂಗಡಿ ನೋಡಿ, ಯಾಕೆಂದರೆ ಆ ಸ್ಕ್ರೂ ಅಲ್ಲಿ ಇರುವುದೇ ತಿರುಗಿಸಲಿಕ್ಕೆ.